ಹದಿನೆಂಟನೆಯ ಅಡಿಟಿಪ್ಪಣಿ

ಕಿಸುಮುವಿನಲ್ಲಿ ಕರೆಂಟು ಹೋಗಿತ್ತು.
ಮೊಬೈಲಿನ ಬೆಳಕಲ್ಲಿ ನಿನ್ನ ಪ್ರಬಂಧ ಓದುತ್ತಿದ್ದೆ, ಅಕೆಯೋ.
ಹದಿನೇಳು ಅಡಿಟಿಪ್ಪಣಿ, ಎಲ್ಲ ಅಚ್ಚುಕಟ್ಟು:
ಲೇಖಕ, ವರ್ಷ, ಪುಟ,
ಅಲ್ಪವಿರಾಮ ಕೂಡ ತನ್ನ ಜಾಗದಲ್ಲಿ.

ಮೂವತ್ತೊಂದನೆಯ ಪುಟದಲ್ಲಿ
ಪೆನ್ಸಿಲು ತಾನಾಗಿ ನಿಂತಿತು.
'ಗಾಳಿ ತಿರುಗುವ ಮೊದಲು
ಸರೋವರ ಒಮ್ಮೆ ಉಸಿರು ಬಿಗಿಹಿಡಿಯುತ್ತದೆ;
ಕೈಯಲ್ಲಿದ್ದ ಬಲೆ ಆಗ ತೂಕ ಮರೆಯುತ್ತದೆ.'

ಇದು ನಿನ್ನ ಮಾತಲ್ಲ.
ಬಲೆ ಹಿಡಿದ ಕೈಯಲ್ಲ ನಿನ್ನದು,
ಕೀಲಿಮಣೆಯ ಕೈ, ನನ್ನದರ ಹಾಗೆ.
ಕಳವು ಹಿಡಿಯುವ ಯಂತ್ರಕ್ಕೆ ಮಧ್ಯಾಹ್ನವೇ ಉಣಿಸಿದ್ದೆ,
ಸೊನ್ನೆ ಎಂದಿತ್ತು.
ಪಾಪ, ಅದು ಓದಿದ್ದು ಅಚ್ಚಾದದ್ದನ್ನಷ್ಟೆ.

ಅಂಚಿನಲ್ಲಿ ಬರೆದೆ: ಹೇಳಿದವರು ಯಾರು?

ಮುಖ ಊದಿಸಿಕೊಂಡೇ ಡುಂಗಾ ದಡಕ್ಕೆ ಹೋದೆಯಂತೆ.
ದೋಣಿಯ ಬಿರುಕಿಗೆ ಹತ್ತಿ ತುರುಕುತ್ತಿದ್ದ ಓಗಾಲೊ
ತಲೆಯೆತ್ತದೆ ಅಂದನಂತೆ:
'ನನ್ನ ಹೆಸರೇ? ಬರಿ.
ಕಾಗುಣಿತ ಮಾತ್ರ ಕೆಡಿಸಬೇಡ,
ಸಹಕಾರ ಸಂಘದವರು ಪ್ರತಿ ಸಲವೂ ಕೆಡಿಸುತ್ತಾರೆ.
ಆದರೆ ಮಾತು ನನ್ನದಲ್ಲ,
ಮೀನು ಒಣಗಿಸುತ್ತಿದ್ದ ನ್ಯಾಗೊವಾ ಹೇಳಿದ್ದು.
ಅವಳು ಎಲ್ಲಿಂದ ತಂದಳೋ,
ಕೇಳೋಣವೆಂದರೆ ಅವಳೇ ಇಲ್ಲ.'

ತಿದ್ದಿದ ಪ್ರತಿ ಇವತ್ತು ಬಂತು.
ಹದಿನೆಂಟನೆಯ ಟಿಪ್ಪಣಿ:
ಓಗಾಲೊ, ಡುಂಗಾ ದಡ, ಮಂಗಳವಾರ ಬೆಳಗ್ಗೆ, ಮುಖತಃ.
ಅವರಿಗೆ ಹೇಳಿದವರು ನ್ಯಾಗೊವಾ.
ಅವರಿಗೆ ಹೇಳಿದವರು ತಿಳಿದಿಲ್ಲ.

ತಿಳಿದಿಲ್ಲ ಎಂಬುದಕ್ಕೆ
ನಮ್ಮ ಇಲಾಖೆಯ ಕೈಪಿಡಿಯಲ್ಲಿ ನಮೂನೆಯಿಲ್ಲ.
ಹಾಗೇ ಬಿಟ್ಟೆ.

ಕರೆಂಟು ಬಂತು.
ಪೆನ್ಸಿಲು ಇನ್ನೂ ಕೈಯಲ್ಲೇ ಇತ್ತು.
ಮೇಲಿನ ಕಪಾಟಿನಿಂದ
ಇಪ್ಪತ್ತು ವರ್ಷದ ಹಿಂದಿನ ನನ್ನ ಮಹಾಪ್ರಬಂಧವನ್ನು
ಧೂಳು ಸಮೇತ ಇಳಿಸಿದೆ.