ಕೆಚ್ಚಲಿನವರೆಗೆ ಮಂಜು

ಹೆದ್ದಾರಿಯಂಚಿಗೆ ಎರಡೆರಡು ಕಿಲೋಮೀಟರಿಗೊಂದು
ಕಿತ್ತಳೆ ಬಣ್ಣದ ಫೋನು ಕಂಬ.
ಗುಂಡಿ ಒತ್ತಿದರೆ ನಾನು.
ಇಪ್ಪತ್ತಾರು ವರ್ಷ, ರಾತ್ರಿ ಪಾಳಿ,
ಮಾಕೊಂ ಪಟ್ಟಣದ ಕಿಟಕಿಯಿಲ್ಲದ ಕೋಣೆಯಲ್ಲಿ.

ಎಲ್ಲಿದ್ದೀರಿ ಎಂದು ನಾವು ಕೇಳುವುದಿಲ್ಲ.
ಅವರಿಗೆ ಗೊತ್ತಿರುವುದಿಲ್ಲ, ನಮ್ಮ ಹಲಗೆಯ ದೀಪಕ್ಕೆ ಗೊತ್ತು.
ಏನು ಕೆಟ್ಟಿದೆ, ಅಷ್ಟೇ ನನ್ನ ಪ್ರಶ್ನೆ.
ಟೈರು, ಬೆಲ್ಟು, ರೇಡಿಯೇಟರು;
ಒಮ್ಮೆ ಲಿಯೊನಿನ ಮದುಮಗ, ಉಂಗುರ ಮರೆತವನು,
ಹಿಂದಕ್ಕೆ ದಾರಿಯೆಲ್ಲಿ ಎಂದು ಅತ್ತ.
ಮುಂದೆ ಹೋಗಿಯೇ ತಿರುಗಬೇಕಪ್ಪಾ,
ಇನ್ನೂ ಹದಿನೆಂಟು ಕಿಲೋಮೀಟರು ಮುಂದೆ.

ಮುನ್ನೂರ ಐವತ್ತೆಂಟರ ದೀಪ ಹತ್ತಿದ್ದು ನವೆಂಬರಿನಲ್ಲಿ.
ಏನು ಕೆಟ್ಟಿದೆ?
"ಕೆಟ್ಟಿಲ್ಲ. ಎರಡಾಗಿದೆ, ಅಷ್ಟೆ."
ಫರ್ದಿನಾಂ ಪೆರುಸ್ಸೆ. ಕಾರಿಲ್ಲ, ಲೈಸೆನ್ಸೂ ಇಲ್ಲ.
ತನ್ನ ಹೊಲದಲ್ಲೇ ನಿಂತು, ಬೇಲಿಯಾಚೆ ಬಾಗಿ
ಊರುಗೋಲಿನ ತುದಿಯಿಂದ ಗುಂಡಿ ಒತ್ತಿದ್ದ.
ರಸ್ತೆ ಬಂದಾಗ ಅವನಿಗೆ ಮೂವತ್ತು.
ಬಾವಿ ಆಚೆ ಉಳಿಯಿತು, ಹಟ್ಟಿ ಈಚೆ;
ಸೇತುವೆ ಸುತ್ತಿ ಬಂದರೆ ಏಳು ಕಿಲೋಮೀಟರು.

ದೂರಲು ಕರೆದಿರಲಿಲ್ಲ.
"ಸೋನ್ ನದಿ ಉಸಿರು ಬಿಡುತ್ತಿದೆ," ಅಂದ,
"ಮಂಜು ನನ್ನ ಹಸುಗಳ ಕೆಚ್ಚಲಿಗೆ ಬಂತು.
ನಿಮ್ಮ ಲಾರಿಗಳಿಗೆ ಹೇಳಿ."

ತುರ್ತಿಗಲ್ಲದೆ ಗುಂಡಿ ಒತ್ತಬಾರದು, ನಿಯಮ.
ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡ.
ಮರುದಿನ ಮತ್ತೆ: "ಮೊಣಕಾಲು."
ಆಮೇಲೊಂದು ಇರುಳು: "ಕೊಂಬೂ ಇಲ್ಲ.
ಬಿಳಿ ಹಸು, ಬಿಳಿ ಗಾಳಿ. ಮೆಲುಕಿನ ಸದ್ದೊಂದೇ ಇದೆ."
ಮೇಲಧಿಕಾರಿಗೆ ಹೇಳದೆ ಲೆಕ್ಕ ಕಲಿತೆ:
ಕೆಚ್ಚಲೆಂದರೆ ತೊಂಬತ್ತು, ಕೊಂಬೆಂದರೆ ಐವತ್ತು.
ರಸ್ತೆಯ ನೆತ್ತಿಯಲ್ಲಿ ದೀಪದ ಅಕ್ಷರ ಮೂಡುತ್ತಿತ್ತು,
ಪ್ಯಾರಿಸಿನವರು ಪೆಡಲಿನಿಂದ ಕಾಲೆತ್ತುತ್ತಿದ್ದರು
ಯಾವ ಹಸುವಿನ ಮಾತಿಗೆಂದು ತಿಳಿಯದೆ.

ಈಗ ಎಲ್ಲರ ಜೇಬಿನಲ್ಲೂ ಫೋನು.
ಕಂಬಗಳನ್ನು ಕಿತ್ತರು, ನನಗೊಂದು ಹೂಗುಚ್ಛ ಕೊಟ್ಟರು.
ಅವನ ನಂಬರು ನನ್ನಲ್ಲಿಲ್ಲ.
ನನ್ನ ಹೆಸರು ಅವನು ಕೇಳಿರಲಿಲ್ಲ.

ಕಳೆದ ಭಾನುವಾರ ಮಗಳ ಕಾರಿನಲ್ಲಿ ಆ ದಾರಿ ಹಿಡಿದೆ.
ಸಿಮೆಂಟಿನ ಚೌಕ, ನಾಲ್ಕು ಬೋಲ್ಟು.
ನಿಲ್ಲಿಸು, ಅಂದೆ.
ಇಲ್ಲಿ ನಿಲ್ಲಿಸುವಂತಿಲ್ಲಮ್ಮ, ಅಂದಳು;
ಹೌದು, ಸಾವಿರ ಜನಕ್ಕೆ ನಾನೇ ಹೇಳಿದ ಮಾತು.
ನೂರ ಮೂವತ್ತರ ವೇಗಕ್ಕೆ ಅವನ ಇಡೀ ಹೊಲ
ಐದು ಸೆಕೆಂಡು.
ಮೂರನೆಯದರಲ್ಲಿ ಒಂದು ಹಸು ತಲೆ ಎತ್ತಿತು.
ಬಿಸಿಲಿತ್ತು.
ಗೊರಸಿನವರೆಗೂ ಕಾಣುತ್ತಿತ್ತು.