ಎಂಟಡಿಯ ಕೊಳವೆ

ಹಳೆಯ ವ್ಯಾನಿನ ತಳ ತುಕ್ಕು ತಿಂದು
ಕಾಲ ಸಂದಿಯಲ್ಲೇ ರಸ್ತೆ ಓಡುವುದು ಕಾಣುತ್ತಿತ್ತು.
ತಪಾಸಣೆಯವನು ಬೆರಳಲ್ಲಿ ಒತ್ತಿದ,
ಬೆರಳು ಒಳಗೆ ಹೋಯಿತು.
"ಜರಡಿಗೆ ನಾನು ಪರವಾನಗಿ ಕೊಡುವುದಿಲ್ಲ" ಎಂದ.
ತಮ್ಮ ಇಲ್ಗ್‌ವಾರ್ಸ್ ಮರುಮಾತಾಡದೆ
ಅಂಟಿನ ಡಬ್ಬಿ, ಕುರಿಚರ್ಮದ ಸುರುಳಿ, ಹಳೇ ಕಂಬಳಿ
ಒಂದೊಂದೇ ಕೆಳಗಿಳಿಸಿದ.

ಹಾಗಾಗಿ ಈ ಮಾರ್ಚಿನಲ್ಲಿ
ಲಿಯೆಪಾಯ ಬಂದರಿನ ಬೆನ್ನಿಗೆ
ಕಡಲಗಾಳಿಗೆ ಬಾವುಟ ಪಟಪಟಿಸುವ ಅಂಗಳದಲ್ಲಿ
ಸಾಲುಗಟ್ಟಿದ ಬಿಳಿ ವ್ಯಾನುಗಳ ಮುಂದೆ ನಾವಿಬ್ಬರು.
ಗ್ವಿಡೊ ಎಂಬ ಹುಡುಗ, ಮೀಸೆ ಇನ್ನೂ ಮನಸ್ಸು ಮಾಡಿಲ್ಲ,
ಕಾಗದ ಹಿಡಿದು ಓದುತ್ತಾನೆ:
ಒಳಜಾಗ ಮೂರು ಚಿಲ್ಲರೆ ಘನಮೀಟರು,
ಹೊರೆ ಆರುನೂರೈವತ್ತು ಕಿಲೊ,
ಜಾರುಬಾಗಿಲು ಎರಡೂ ಕಡೆ,
ಚಕ್ರಗೂಡುಗಳ ನಡುವೆ ಒಂದು ಮೀಟರು ಇಪ್ಪತ್ತೆರಡು.
"ಗೋದಾಮಿನ ಹಲಗೆ ಅಡ್ಡಡ್ಡ ಕೂರುತ್ತೆ ಮೇಡಂ,
ಎರಡು ಬೆರಳು ಉಳಿಯುತ್ತೆ."

ನಮ್ಮಲ್ಲಿ ಹಲಗೆ ಇಲ್ಲ.
ಚರ್ಚುಗಳ ಆರ್ಗನ್ ರಿಪೇರಿ ನಮ್ಮದು, ಇರುವುದೆಲ್ಲ ಕೊಳವೆ.
ಬೆರಳುದ್ದದವು, ಹಕ್ಕಿಮರಿಯ ಗಂಟಲಿನಂಥವು,
ಮೊಟ್ಟೆತಟ್ಟೆಯಲ್ಲಿಟ್ಟು ತೊಡೆಯ ಮೇಲೆ ತಂದೇನು.
ಪೇಚಾಟವೆಲ್ಲ ಕೊನೆಯ ಮಂದ್ರದ ಹಿರಿಯನದು:
ಮೈ ಎಂಟಡಿ, ಪಾದ ಬೇರೆ,
ತವರ ಸೀಸ ಬೆರೆಸಿ ಎರೆದ ತಗಡು,
ಮಡಚುವಂತಿಲ್ಲ, ಬಾಗಿಸುವಂತಿಲ್ಲ,
ಗೋಡೆಗೆ ಒರಗಿಸಿಟ್ಟರೂ
ತನ್ನ ಭಾರಕ್ಕೆ ತಾನೇ ಸೊಟ್ಟಗಾಗುವ ಜಾತಿ.

ಕಾಗದದಲ್ಲಿ ಉದ್ದ: ಒಂದು ಮೀಟರು ಎಂಬತ್ತೊಂದು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ,
ಕೊಳವೆಗೆ ಅದನ್ನು ಯಾರೂ ಹೇಳಿಕೊಟ್ಟಿಲ್ಲ.

"ಉದ್ದನೆಯ ಮಾದರಿ ತಗೊಳ್ಳಿ, ಮೂವತ್ತೈದು ಸೆಂಟಿ ಜಾಸ್ತಿ."
ಆಗಲೂ ಸಾಲದು. ಮೇಲಾಗಿ ನಮ್ಮ ಕೊಟ್ಟಿಗೆ
ಅಜ್ಜ ಒಂದು ಕುದುರೆಗೆ ಕಟ್ಟಿಸಿದ್ದು.
"ಛಾವಣಿ ಮೇಲೆ ನೂರು ಕಿಲೊ ತಡೆಯುತ್ತೆ."
"ಅದು ಏಣಿಗೆ" ಎಂದ ಇಲ್ಗ್‌ವಾರ್ಸ್,
ಏಣಿಯನ್ನೂ ಹಾಗೆ ಮಲಗಿಸಲಾರ ಅವನು.
"ಬ್ಯಾಟರಿಯದಾದರೆ ಮುನ್ನೂರು ಕಿಲೋಮೀಟರು!"
"ಜನವರಿಯಲ್ಲಿ? ಹೀಟರ್ ಹಾಕಿಕೊಂಡು?
ಕುಲ್ಡೀಗಕ್ಕೆ ಹೋಗಿ ಬರಬೇಕು, ನಡುವೆ ಕಾಡು."
ಗ್ವಿಡೊ ಬಾವುಟದ ಕಡೆ ನೋಡಿದ.

ನಾನು ಹಿಂಬಾಗಿಲ ಹೊಸ್ತಿಲ ಎತ್ತರ ನೋಡುತ್ತಿದ್ದೆ.
ಐವತ್ತೆಂಟು ಸೆಂಟಿ. ನನ್ನ ಮೊಣಕಾಲಿಗಿಂತ ಚೂರು ಮೇಲೆ.
ಈ ವಯಸ್ಸಿಗೆ ಎಲ್ಲಕ್ಕಿಂತ ಮುಖ್ಯ ಅಂಕಿ ಅದು,
ಅದನ್ನು ಮಾತ್ರ ಅವನು ಓದಲಿಲ್ಲ.

ಆಮೇಲೆ ಹುಡುಗ ಒಂದು ಹಿಡಿಕೆ ಎಳೆದ.
ಪಕ್ಕದ ಸೀಟು ತಲೆತಗ್ಗಿಸಿ ಮಡಚಿಕೊಂಡಿತು,
ಅಡ್ಡಗೋಡೆಯಲ್ಲೊಂದು ಕಿಂಡಿ ತೆರೆಯಿತು,
ಹಿಂಬಾಗಿಲಿಂದ ಗಾಜಿನ ತನಕ ಮೂರು ಮೀಟರು, ಸಲೀಸು.
ಇಲ್ಗ್‌ವಾರ್ಸ್ ಟೇಪು ಎಳೆದ, ಮತ್ತೊಮ್ಮೆ ಎಳೆದ.
ಟೇಪಿನ ತುದಿ ನಾನು ಕೂರುವ ಜಾಗದಲ್ಲಿ
ಸಣ್ಣಗೆ ನಡುಗುತ್ತಿತ್ತು.

ಶ್ರುತಿ ಮಾಡಲು ಇಬ್ಬರು ಬೇಕು.
ಒಬ್ಬರು ಮಣೆಯ ಮುಂದೆ ಕೂತು ಸ್ವರ ಒತ್ತಿ ಹಿಡಿಯಬೇಕು,
ಇನ್ನೊಬ್ಬರು ಒಳಗೆ, ಧೂಳಿನಲ್ಲಿ, ತಟ್ಟಿ ತಿದ್ದಬೇಕು.
ಇಪ್ಪತ್ತೆರಡು ವರ್ಷದಿಂದ ಒತ್ತುವವಳು ನಾನು.
ಒಳಗಿಂದ ಅವನದು ಒಂದೇ ಮಾತು: "ಮುಂದೆ."
ಮತ್ತೆ ಒಂದು ಬೆರಳಿನಷ್ಟು ಸರಿಯುತ್ತೇನೆ.

"ನಡುವಿನ ಸೀಟಿನಲ್ಲಿ?" ಎಂದೆ.
"ಪಕ್ಕದ್ದು ಮಡಚಿದ್ದಾಗ ಕಾನೂನು ಬಿಡಲ್ಲ ಮೇಡಂ."
ತಮ್ಮ ನನ್ನ ಮುಖ ನೋಡಲಿಲ್ಲ.
"ಡೀಸೆಲ್‌ದೇ ಇರಲಿ, ಹಿಡಿಕೆ ಇರೋದು" ಎಂದೆ ನಾನೇ,
ಬ್ಯಾಗಿನಲ್ಲಿ ಕನ್ನಡಕ ಹುಡುಕುತ್ತ.

ಮೊದಲ ಕೆಲಸ ಐಜ್ಪುಟೆಯಲ್ಲಿ.
ಬೆಳಗಿನ ಆರೂ ನಲವತ್ತರ ಬಸ್ಸು ಹಿಡಿದೆ.
ಊರು ದಾಟಿದ ಮೇಲೆ ನಮ್ಮನ್ನು ಹಿಂದಿಕ್ಕಿತು ಬಿಳಿ ವ್ಯಾನು:
ನನ್ನ ಜಾಗದಲ್ಲಿ ನನ್ನದೇ ಹಳೇ ಕೋಟು ಹೊದ್ದು
ಹಿರಿಯ ಒರಗಿದ್ದ,
ಬಾಯಿ ಗಾಜಿನ ಕಡೆಗೆ.
ತಮ್ಮ ಅವನಿಗೂ ಬೆಲ್ಟು ಬಿಗಿದಿದ್ದ.

ಚರ್ಚಿನ ಮೆಟ್ಟಿಲಲ್ಲಿ ಕಾಯುತ್ತಿದ್ದ, ಕಿವಿ ಕೆಂಪಾಗಿತ್ತು.
"ಕಿಟಕಿ ಒಂದಿಷ್ಟು ಬಿಟ್ಟಿದ್ದೆ. ದಾರಿಯುದ್ದಕ್ಕೂ ಗುನುಗಿತು."
"ಶ್ರುತಿ ಸರಿಯಿತ್ತಾ?"
"ಸ್ವಲ್ಪ ಇಳಿದಿತ್ತು.
ಚಳಿ ಕಣೆ ವೆಲ್ತಾ, ನಿನ್ನ ಕೋಟು ಸಾಲಲಿಲ್ಲ."