ಸೆಕೆಂಡ್ಸ್

ಗೋಡೆಗೆ ಹೊಡೆದ ಹನ್ನೊಂದು ಚಾದರವೂ ಸೆಕೆಂಡ್ಸ್ ಮಾಲು.
ಒಂದರಲ್ಲಿ ನವಿಲಿಗೆ ಕಾಲಿಲ್ಲ,
ಇನ್ನೊಂದರ ಅಂಚಿಗೆ ಬಣ್ಣ ಹತ್ತಿಲ್ಲ,
ಮಾಲಕ ತೂಕದ ಲೆಕ್ಕದಲ್ಲಿ ಅಪ್ಪನಿಗೆ ಕಟ್ಟಿಕೊಟ್ಟದ್ದು.
ಸದ್ದಿನ ಹೊಟ್ಟೆಯಲ್ಲೇ ಹುಟ್ಟಿದ ಬಟ್ಟೆ;
ಸದ್ದು ಕುಡಿಯುವುದರಲ್ಲಿ ಅದಕ್ಕೆ ಸಮವಿಲ್ಲ.
ಎಂಟಡಿ, ಆರಡಿ. ಮೊದಲು ಜೋಳದ ಚೀಲ ಇಡುತ್ತಿದ್ದ ಕೋಣೆ.
ಇದೇ ನನ್ನ ಸ್ಟುಡಿಯೋ.

ಸೊಲ್ಲಾಪುರದ ಈ ಗಲ್ಲಿಯಲ್ಲಿ
ಬುಧವಾರ ಮಗ್ಗಕ್ಕೆ ರಜೆ, ನನಗೆ ಕೆಲಸ.
ಆವತ್ತೂ ಪೂರಾ ಮೌನ ಸಿಗುವುದಿಲ್ಲ ಅನ್ನಿ:
ನರ್ಸವ್ವನ ಕುಕ್ಕರು ಕೂಗುತ್ತದೆ,
ಭಂಗಾರದ ಗಾಡಿಯವನು ಸರಿಯಾಗಿ ಚರಣದ ತುದಿಗೆ ಬರುತ್ತಾನೆ,
ನಾನು ಅವನ ದಾರಿ ಕಾದು, ಹೋದ ಮೇಲೆ
ಮತ್ತೆ ಕೆಂಪು ಗುಂಡಿ ಒತ್ತುತ್ತೇನೆ.

ಮೊದಲ ವರ್ಷ ಸಿಕ್ಕಿದ್ದೆಲ್ಲ ತುರುಕಿದೆ.
ಮದುವೆ ಬ್ಯಾಂಡಿನ ಗುಲಾಬ್ ಮುಲ್ಲಾ ಮಾರಿದ ಕೀಬೋರ್ಡು,
ಕೆಳಗಿನ ಎರಡು ಮನೆ ಸತ್ತಿದ್ದವು.
ಶಹನಾಯಿ, ಪಿಟೀಲು, ಬಿರುಗಾಳಿ, ಚಪ್ಪಾಳೆ...
ಬಟನ್ ಇದೆಯಲ್ಲ, ಒತ್ತಿದೆ.
ದನಿಗೆ ಎಷ್ಟು ಪ್ರತಿಧ್ವನಿ ಸುರಿದೆನೆಂದರೆ
ಗೋಳಗುಮ್ಮಟದಲ್ಲಿ ತಪ್ಪಿಸಿಕೊಂಡ ಹುಡುಗನೊಬ್ಬ
ಅವ್ವನನ್ನು ಕೂಗಿದಂತಿತ್ತು.
ಅವ್ವ ಬೀಡಿ ಸುತ್ತುತ್ತ ಕೇಳಿ,
"ಯಾರ್ದೋ ಸಂಕಟ" ಅಂದಳು.

ಆಮೇಲೆ ಗಣಪತಿ ಮಂಡಳಗಳಿಗೆ ಮಿಕ್ಸು.
ಎದೆ ನಡುಗಬೇಕು, ಅಷ್ಟೇ ಕರಾರು.
ರೊಕ್ಕ ಬಂತು, ಮೈಕಿನ ಕಂತು ತೀರಿತು.
ಆ ಎರಡು ವರ್ಷದ ಫೋಲ್ಡರಿಗೆ "ಹೊಟ್ಟೆ" ಎಂದು ಹೆಸರು.
ಅಳಿಸಿಲ್ಲ. ತೆರೆಯುವುದೂ ಇಲ್ಲ.

ಕನ್ನಡದಲ್ಲಿ ಹಾಡಬೇಕು ಅನ್ನಿಸಿದ್ದಕ್ಕೆ
ದೊಡ್ಡ ಕಾರಣವೇನಿಲ್ಲ:
ಬೈಗುಳ, ಲಾಲಿ, ಲೆಕ್ಕ
ನನ್ನ ಬಾಯಲ್ಲಿ ಅದರಲ್ಲೇ ಬರುತ್ತವೆ.
ಕಲಿತ ಶಾಲೆ ಮರಾಠಿ, ಹಾಡು ಬರೆದದ್ದು ಬಾಳಬೋಧದಲ್ಲಿ.
ಆ ಲಿಪಿಯಲ್ಲಿ ಗಿಡ್ಡ ಎಕಾರಕ್ಕೆ ಮನೆಯಿಲ್ಲ;
"ಎಳೆ" ಎಂದು ಬರೆದರೆ "ಏಳೆ" ಆಗಿ ಎದ್ದು ನಿಲ್ಲುತ್ತದೆ.
ಹಾಳೆ ನೋಡಿ ಹಾಡಿದೆ: ಏಳೆ, ಏಳೆ...
ಅವ್ವ ನಕ್ಕು ನಕ್ಕು ತಂಬಾಕಿನ ಮೊರ ಚೆಲ್ಲಿದಳು.
"ಯಾಕಿನ್ನ ಎಬ್ಬಸಲತ್ತಿಯೋ, ಮುಂಜಾನಿ ಮುಂಜಾನಿ?"

ಈ ಅಕ್ಷರ ಕಲಿತದ್ದು ಮೂವತ್ತೆರಡರಲ್ಲಿ,
ಇಂಡಿಯಿಂದ ರಜೆಗೆ ಬಂದ ಅಕ್ಕನ ಮಗಳ ಅಂಕಲಿಪಿಯಿಂದ.
ಅವಳು ಇನ್ನೂ ನನ್ನ "ಒ" ತಿದ್ದುತ್ತಾಳೆ.

ಹಾಡು ಹೊರಗೆ ಬಿಟ್ಟೆ.
ವಾರದಲ್ಲಿ ಕೇಳಿದವರು ಹದಿನಾರು.
ಅದರಲ್ಲಿ ಐದು ನಾನೇ.

ಆಗ ಒಂದೊಂದೇ ತೆಗೆಯತೊಡಗಿದೆ.
ಮೊದಲು ಬಿರುಗಾಳಿ. ಆಮೇಲೆ ಪಿಟೀಲು.
ಪ್ರತಿಧ್ವನಿ ತೆಗೆದ ದಿನ
ಬಚ್ಚಲಿನಿಂದ ಟವೆಲ್ಲಿಲ್ಲದೆ ಓಣಿಗೆ ಬಂದಂತಾಯಿತು.
ಉಳಿದದ್ದು ದನಿ, ಒಂದು ಹಲಗೆ,
ನಡುವೆ ಉಸಿರೆಳೆದದ್ದು. ಅದನ್ನು ತೆಗೆಯಲು ಹೋಗಿ ಬಿಟ್ಟೆ.

ಅಪ್ಪನ ಕಿವಿ ಮಗ್ಗದ ಹತ್ತಿರವೇ ಉಳಿಯಿತು, ಮೂವತ್ತು ವರ್ಷಕ್ಕೆ.
ಏನು ಹೇಳಿದರೂ ತುಟಿ ನೋಡುತ್ತಾನೆ.
ನನ್ನ ಒಂದು ಹಾಡೂ ಅವನಿಗೆ ಗೊತ್ತಿಲ್ಲ.
ಮೊನ್ನೆ ಬುಧವಾರ ಚಹಾ ತಂದವನು
ಪರದೆಯ ಮುಂದೆ ನಿಂತುಬಿಟ್ಟ:
ಹಲಗೆಯ ಪೆಟ್ಟುಗಳು ಅಲ್ಲಿ ಚೌಕ ಚೌಕ,
ತುಂಬಿದ್ದು, ಖಾಲಿ, ಖಾಲಿ, ತುಂಬಿದ್ದು.
"ಇದು ಜಕಾರ್ಡಿನ ಪಟ್ಟಿ ಅಲ್ಲೇನು?"
ಬೆರಳಿಟ್ಟ. ನಾಕನೇ ಸಾಲು, ಹದಿಮೂರನೇ ಮನೆ.
"ಇಲ್ಲಿ ತೂತು ತಪ್ಯದ. ಹೂವು ಕೂಡಂಗಿಲ್ಲ."

ಮೂರು ವಾರದಿಂದ ಅಲ್ಲೇ ಎಡವುತ್ತಿದ್ದೆ,
ಎಲ್ಲಿ ಎಂದು ನನ್ನ ಕಿವಿಗೆ ಸಿಕ್ಕಿರಲಿಲ್ಲ.
ಒಂದು ಮನೆ ಬಲಕ್ಕೆ ಸರಿಸಿದೆ.
ಹೂವಿನ ಮಾತು ಬೇರೆ, ನಡೆ ಕೂಡಿತು.

"ಎಷ್ಟು ಉದ್ದ ಅದ?"
"ಮೂರು ನಿಮಿಷ, ನಲವತ್ತೆರಡು ಸೆಕೆಂಡು."
ಕೊನೆಯ ಶಬ್ದವಷ್ಟೇ ತುಟಿಯಿಂದ ಸಿಕ್ಕಿತೋ ಏನೋ,
ಕಾಲಿಲ್ಲದ ನವಿಲಿನ ಕಡೆ ತಿರುಗಿ ಕೇಳಿದ:

"ಸೆಕೆಂಡ್ಸೇ? ಅಂದ್ರ ಇದೂ ಗ್ವಾಡಿಗೇ?"